ಹಳೆ ಮನೆಗೆ ಸುಣ್ಣ, ಮಣ್ಣು, ಮರ, ಕಲ್ಲು: ಕೆಲಸ ಎಲ್ಲಿಂದ ಶುರು ಮಾಡಬೇಕು?

"ಹಳೆ ಮನೆ ಇದೆ, ಕೆಡವಲು ಮನಸ್ಸಿಲ್ಲ. ಸುಣ್ಣ, ಮರ, ಕಲ್ಲಿನಲ್ಲೇ ಚೆಂದ ಮಾಡಿಸಬೇಕು. ಮೊದಲು ಏನು ಮಾಡಲಿ?" ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇದೆ. ಹೊಸದಾಗಿ ಕಟ್ಟಿಸುವವರೂ ಹೆಚ್ಚುಕಮ್ಮಿ ಇದನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಬಹಳ ಜನ ಕೊನೆಯಿಂದ ಶುರು ಮಾಡುತ್ತಾರೆ. ಮೊದಲ ವಾರವೇ ನೆಲದ ಕಲ್ಲಿನ ಬಣ್ಣ ಆರಿಸಿರುತ್ತಾರೆ, ಬಾಗಿಲಿನ ಹಿಡಿ ಕೊಂಡಿರುತ್ತಾರೆ. ಸೂರಿನಿಂದ ನೀರು ಎಲ್ಲಿ ಬೀಳುತ್ತಿದೆ ಎಂದು ಮಾತ್ರ ನೋಡಿರುವುದಿಲ್ಲ. ನೈಸರ್ಗಿಕ ವಸ್ತುಗಳ ಬಗ್ಗೆ ಒಂದು ವಿಷಯ ತಲೆಯಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸು. ಸುಣ್ಣ, ಮಣ್ಣು, ಮರ, ಇಟ್ಟಿಗೆ ಎಲ್ಲವೂ ನೀರು ಕುಡಿಯುತ್ತವೆ, ಆಮೇಲೆ ಗಾಳಿಗೆ ಬಿಟ್ಟುಕೊಡುತ್ತವೆ. ಕುಡಿಯುವುದು ಜಾಸ್ತಿಯಾಗಬಾರದು, ಬಿಡುವ ದಾರಿ ಮುಚ್ಚಬಾರದು. ಮುಂದಿನ ಹಂತಗಳೆಲ್ಲ ಈ ಲೆಕ್ಕದ ಮೇಲೇ ನಿಂತಿವೆ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದ ಸಾಮಾನು ಹೆಚ್ಚೇನಿಲ್ಲ. ಅಳತೆ ಪಟ್ಟಿ, ತೂಗುಗುಂಡು (ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿದ ಭಾರ), ಟಾರ್ಚು, ಚೂಪಾದ ಹಳೆಯ ಸ್ಕ್ರೂಡ್ರೈವರ್, ಪೆನ್ಸಿಲ್, ಒಂದು ನೋಟ್‌ಬುಕ್. ಸಾಧ್ಯವಾದರೆ ಮರದ ತೇವ ಅಳೆಯುವ ಮೀಟರ್.

1. ಮೊದಲು ಸುಮ್ನೆ ನೋಡಿ

ಕೊನೆಪಕ್ಷ ಒಂದು ಮಳೆಗಾಲವಾದರೂ ಮನೆಯನ್ನು ಏನೂ ಮಾಡದೆ ಗಮನಿಸಿ. ಅಷ್ಟು ಸಮಯವಿಲ್ಲದಿದ್ದರೆ ಒಂದು ಜೋರು ಮಳೆ ಬಂದಾಗ ಕೊಡೆ ಹಿಡಿದು ಮನೆ ಸುತ್ತ ಎರಡು ಸುತ್ತು ಬನ್ನಿ. ನೀರು ಎಲ್ಲಿ ಗೋಡೆಗೆ ಚಿಮ್ಮುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಪೈಪು ತುಂಬಿ ಹರಿಯುತ್ತದೆ ಎಂಬುದು ಆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಇದನ್ನು ಯಾವ ನಕ್ಷೆಯೂ ಹೇಳುವುದಿಲ್ಲ.

ಬೆಳಗ್ಗೆ, ಮಧ್ಯಾಹ್ನ, ಸಂಜೆ ಯಾವ ಕೋಣೆಗೆ ಬಿಸಿಲು ಬರುತ್ತದೆ, ಗಾಳಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದೂ ಬರೆದುಕೊಳ್ಳಿ. ಯಾವ ಕಿಟಕಿಯ ಹತ್ತಿರ ಎಲ್ಲರೂ ತಾವಾಗಿಯೇ ಹೋಗಿ ಕೂರುತ್ತಾರೆ ಎಂಬುದೂ ಮುಖ್ಯ. ಅಂಥ ಜಾಗವನ್ನು ಹಾಳು ಮಾಡದೆ ಉಳಿಸಿಕೊಳ್ಳುವುದು ವಿನ್ಯಾಸದ ಅರ್ಧ ಕೆಲಸ ಎನ್ನುವುದು ನನ್ನ ಅಭಿಪ್ರಾಯ.

2. ಅಳತೆ

ಹಳೆ ಮನೆಯಲ್ಲಿ ಮೂಲೆಗಳು ನೇರವಾಗಿರುತ್ತವೆ ಎಂದು ನಂಬಬೇಡಿ. ಪ್ರತಿ ಕೋಣೆಯ ನಾಲ್ಕು ಗೋಡೆಯ ಜೊತೆಗೆ ಎರಡೂ ಕರ್ಣ, ಅಂದರೆ ಮೂಲೆಯಿಂದ ಎದುರು ಮೂಲೆಗೆ, ಅಳೆಯಿರಿ. ಎದುರು ಬದುರು ಗೋಡೆಗಳು ಸಮನಾಗಿದ್ದು ಕರ್ಣಗಳೂ ಒಂದೇ ಬಂದರೆ ಕೋಣೆ ಚೌಕಟ್ಟಾಗಿದೆ. ಬರದಿದ್ದರೆ ಎಷ್ಟು ವ್ಯತ್ಯಾಸ ಎಂದು ಬರೆದಿಡಿ. ನೆಲಕ್ಕೆ ಕಲ್ಲು ಹಾಕುವಾಗ ಒಂದು ಗೋಡೆಯ ಪಕ್ಕ ತುಂಡು ಕಲ್ಲು ಸೊಟ್ಟಗೆ ಬರುವುದು ಈ ವ್ಯತ್ಯಾಸದಿಂದಲೇ. 1:50 ಪ್ರಮಾಣದಲ್ಲಿ, ಅಂದರೆ ಮನೆಯ 50 ಸೆಂಟಿಮೀಟರಿಗೆ ಕಾಗದದ ಮೇಲೆ 1 ಸೆಂಟಿಮೀಟರಿನಂತೆ, ಒಂದು ನಕ್ಷೆ ಮಾಡಿಕೊಳ್ಳಿ. ಮುಂದೆ ಕಾಣುವ ಒದ್ದೆ, ಬಿರುಕು, ಗೆದ್ದಲು ಎಲ್ಲವನ್ನೂ ಅದರ ಮೇಲೇ ಗುರುತು ಹಾಕಿ.

3. ನೀರಿನ ದಾರಿ ಸರಿಮಾಡಿ

ಇಲ್ಲಿ ಅವಸರ ಬೇಡ. ಗೋಡೆ ಒದ್ದೆಯಾಗಿದೆ ಎಂದ ಕೂಡಲೇ "ನೆಲದಿಂದ ತೇವ ಏರುತ್ತಿದೆ, ಕೆಮಿಕಲ್ ಚುಚ್ಚಬೇಕು" ಎನ್ನುವವರು ಸಿಗುತ್ತಾರೆ. ಅದಕ್ಕೆ ಮೊದಲು ಸುಲಭದ ಕಾರಣಗಳನ್ನು ನೋಡಿ:

- ಸೂರಿನ ದೋಣಿ (ಸೂರಿನ ನೀರು ಹಿಡಿದು ಪೈಪಿಗೆ ಬಿಡುವ ಕಾಲುವೆ) ಒಡೆದಿದೆಯೇ, ಎಲೆ ಕಟ್ಟಿದೆಯೇ? ಪೈಪಿನ ಬುಡದಲ್ಲಿ ನೀರು ಗೋಡೆಯ ಕಾಲಿಗೇ ಸುರಿಯುತ್ತಿದೆಯೇ?
- ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಎತ್ತರವಾಗಿದೆಯೇ? ವರ್ಷಗಟ್ಟಲೆ ಮಣ್ಣು, ಕಾಂಕ್ರೀಟು, ಹೂಕುಂಡ ಸೇರಿ ಹೊರಗಿನ ಮಟ್ಟ ಏರಿರುತ್ತದೆ. ಒಳನೆಲಕ್ಕಿಂತ 15 ಸೆಂಟಿಮೀಟರ್ ಆದರೂ ಕೆಳಗಿರಬೇಕು, ನೀರು ಮನೆಯಿಂದ ಆಚೆಗೆ ಹರಿಯುವಂತೆ ಇಳಿಜಾರಿರಬೇಕು.
- ಗೋಡೆಯೊಳಗೆ ನಲ್ಲಿಯ ಪೈಪು ಸೋರುತ್ತಿದೆಯೇ?
- ಹಳೆಯ ಸುಣ್ಣದ ಗೋಡೆಯ ಮೇಲೆ ಯಾರೋ ನಡುವೆ ಸಿಮೆಂಟ್ ಪ್ಲಾಸ್ಟರ್ ಅಥವಾ ಪ್ಲಾಸ್ಟಿಕ್ ಬಣ್ಣ ಬಳಿದಿದ್ದಾರೆಯೇ?

ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗೆ ತೇವ ಬಂದರೆ ಸುಣ್ಣದ ಮೇಲ್ಮೈಯಿಂದಲೇ ಆರಿ ಹೋಗುತ್ತದೆ. ಅದರ ಮೇಲೆ ಗಟ್ಟಿ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿಯುತ್ತದೆ. ಮೆಲ್ಲಗೆ ಮೇಲಕ್ಕೆ ಏರಿ, ಸಿಮೆಂಟ್ ಮುಗಿಯುವ ಜಾಗದಲ್ಲಿ ಹೊರಬರುತ್ತದೆ. ಮನೆಯವರು ಆ ಜಾಗಕ್ಕೂ ಸಿಮೆಂಟ್ ಬಳಿಸುತ್ತಾರೆ. ತೇವ ಇನ್ನೊಂದು ಮೊಳ ಮೇಲೆ ಹೋಗುತ್ತದೆ. ಮರದ ತೊಲೆಯ ತುದಿ ಅಂಥ ಗೋಡೆಯೊಳಗೆ ಕೂತಿದ್ದರೆ ಕೊಳೆಯುವುದು ಅದೇ ತುದಿ.

ತೇವ ಗೋಡೆಯದೋ ಗಾಳಿಯದೋ ಎಂದು ತಿಳಿಯಲು ಒಂದು ಸಣ್ಣ ಪರೀಕ್ಷೆ ಇದೆ. 30 ಸೆಂಟಿಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಹಾಕಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿನದು. ಹೊರಮೈಯಲ್ಲಿ ಕಟ್ಟಿದ್ದರೆ ಕೋಣೆಯ ಗಾಳಿಯ ತೇವ, ಅಂದರೆ ನಿಮಗೆ ಬೇಕಾಗಿರುವುದು ಗಾಳಿ ಓಡಾಟ.

ಗೋಡೆಯ ಮೇಲೆ ಬಿಳಿ ಪುಡಿ ಕಂಡರೆ ಗೋಡೆ ಉಪ್ಪು ಬಿಟ್ಟಿದೆ ಎಂದರ್ಥ. ಇದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ಬ್ರಷ್‌ನಲ್ಲಿ ಉದುರಿಸಿ, ಪುಡಿಯನ್ನು ಎತ್ತಿ ಹೊರಗೆ ಹಾಕಿ.

ನೀರಿನ ದಾರಿ ಸರಿ ಮಾಡಿದ ಮೇಲೆ ಗೋಡೆಗೆ ಆರಲು ಸಮಯ ಕೊಡಿ. ದಪ್ಪ ಗೋಡೆಗೆ ತಿಂಗಳುಗಟ್ಟಲೆ ಬೇಕು. ನಾನು ಒಮ್ಮೆ ಕಾಯಲಿಲ್ಲ. ಮೇಲೆ ಆರಿದಂತೆ ಕಾಣುತ್ತಿದ್ದ ಗೋಡೆಗೆ ನುಣ್ಣಗೆ ಸುಣ್ಣದ ಪ್ಲಾಸ್ಟರ್ ಮಾಡಿಸಿದೆ. ಆರು ತಿಂಗಳಿಗೆ ಮೊಣಕಾಲೆತ್ತರದವರೆಗೆ ಉಪ್ಪು ಎದ್ದು, ಆ ಪಟ್ಟಿಯನ್ನಷ್ಟೂ ಕೆತ್ತಿ ತೆಗೆಸಬೇಕಾಯಿತು. ಗಾರೆಯವರದ್ದು ತಪ್ಪಿರಲಿಲ್ಲ.

4. ಬಿರುಕು, ತೊಲೆ ಮತ್ತು ಕಣ್ಣಿಗೆ ಕಾಣದ ಅಪಾಯ

ಬಿರುಕು ಕಂಡ ಕೂಡಲೇ ತುಂಬಿಸಬೇಡಿ. ಅದು ಬೆಳೆಯುತ್ತಿದೆಯೇ, ನಿಂತಿದೆಯೇ ಎಂದು ತಿಳಿಯಬೇಕು. ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಅಗಲ ಎಲ್ಲಿ ಜಾಸ್ತಿಯೋ ಅಲ್ಲಿ ಅಳೆದು ಅದನ್ನೂ ಬರೆಯಿರಿ. ತಿಂಗಳಿಗೊಮ್ಮೆ ನೋಡಿ. ಕೂದಲೆಳೆಯ ಬಿರುಕು ಪ್ಲಾಸ್ಟರ್‌ನದು, ಹೆದರಬೇಕಿಲ್ಲ. ಮೆಟ್ಟಿಲಿನಂತೆ ಇಟ್ಟಿಗೆಯ ಸಂದಿನಲ್ಲಿ ಓರೆಯಾಗಿ ಹೋಗುವ ಬಿರುಕು, 5 ಮಿಲಿಮೀಟರಿಗಿಂತ ಅಗಲವಾದದ್ದು, ಅಥವಾ ಒಂದು ಬದಿ ಇನ್ನೊಂದಕ್ಕಿಂತ ಮುಂದೆ ಬಂದಿರುವುದು ಕಂಡರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡಲೇಬೇಕು. ಯಾವುದೇ ಗೋಡೆ ಒಡೆದು ಕೋಣೆ ದೊಡ್ಡದು ಮಾಡುವ ಯೋಚನೆ ಇದ್ದರೂ ಅಷ್ಟೆ. ಆ ಗೋಡೆ ಮೇಲಿನ ಭಾರ ಹೊತ್ತಿದೆಯೋ ಇಲ್ಲವೋ ಎಂಬುದು ಅಂದಾಜಿನ ವಿಷಯವಲ್ಲ.

ತೊಲೆ, ಜಂತೆಗಳನ್ನು ಗೋಡೆಯೊಳಗೆ ಹೋಗುವ ತುದಿಯಲ್ಲಿ ಪರೀಕ್ಷಿಸಿ. ಸ್ಕ್ರೂಡ್ರೈವರ್ ಮೊನೆಯನ್ನು ಒತ್ತಿದಾಗ ಗಟ್ಟಿ ಮರ ತಡೆಯುತ್ತದೆ. ಕೊಳೆತ ಮರದಲ್ಲಿ ಮೊನೆ ಸಲೀಸಾಗಿ ಇಳಿಯುತ್ತದೆ, ಸಿಗಿದರೆ ನಾರು ನಾರಾಗಿ ಬರುವ ಬದಲು ಸಣ್ಣ ಸಣ್ಣ ಚೂರಾಗಿ ಮುರಿಯುತ್ತದೆ. ತುದಿ ಮಾತ್ರ ಹೋಗಿದ್ದರೆ ಇಡೀ ತೊಲೆ ಬಿಸಾಡಬೇಡಿ. ಅಷ್ಟನ್ನೇ ಕತ್ತರಿಸಿ ಅದೇ ಜಾತಿಯ ಮರವನ್ನು ಓರೆ ಕಚ್ಚು ಹಾಕಿ ಜೋಡಿಸುವ ಬಡಗಿಗಳು ಇದ್ದಾರೆ. ಆ ಜೋಡಣೆ ಎಷ್ಟು ಉದ್ದ ಇರಬೇಕು, ಬೋಲ್ಟ್ ಎಷ್ಟು ಎಂಬುದನ್ನು ಮಾತ್ರ ಎಂಜಿನಿಯರ್ ಹೇಳಲಿ.

ಇನ್ನು ಎರಡು ಎಚ್ಚರಿಕೆ. ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ. ಒಣ ಬಣ್ಣವನ್ನು ಉಜ್ಜಿದರೆ ಆ ಧೂಳು ಉಸಿರಿಗೆ ಹೋಗುತ್ತದೆ, ಮಕ್ಕಳಿಗಂತೂ ತುಂಬ ಕೆಟ್ಟದ್ದು. ಹಾಗೆಯೇ ಹಳೆಯ ಸಿಮೆಂಟ್ ಶೀಟು, ಪೈಪಿನ ಸುತ್ತಿನ ಹೊದಿಕೆ, ಕೆಲವು ಹಳೆಯ ನೆಲದ ಹಾಳೆಗಳಲ್ಲಿ ಆಸ್‌ಬೆಸ್ಟಾಸ್ ಎಂಬ ನಾರು ಇರಬಹುದು. ಕತ್ತರಿಸುವ, ಒಡೆಯುವ ಮೊದಲು ಎರಡನ್ನೂ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ.

5. ಯಾವ ಜಾಗಕ್ಕೆ ಯಾವ ವಸ್ತು

ಎಲ್ಲ ನೈಸರ್ಗಿಕ ವಸ್ತುವೂ ಎಲ್ಲ ಕಡೆಗೂ ಹೊಂದುವುದಿಲ್ಲ.

ಮಣ್ಣಿನ ಪ್ಲಾಸ್ಟರ್ ಒಳಗಿನ ಒಣ ಗೋಡೆಗೆ ಬಹಳ ಚೆನ್ನ. ಅದು ಸುಣ್ಣದಂತೆ ರಾಸಾಯನಿಕವಾಗಿ ಗಟ್ಟಿಯಾಗುವುದಿಲ್ಲ, ಸುಮ್ನೆ ಒಣಗುತ್ತದೆ. ಹಾಗಾಗಿ ಕೆಟ್ಟ ಜಾಗವನ್ನು ನೀರು ಹಾಕಿ ಮತ್ತೆ ಮಿದುವಾಗಿಸಿ ತಿದ್ದಬಹುದು. ಅದೇ ಕಾರಣಕ್ಕೆ ಮಳೆ ಹೊಡೆಯುವ ಕಡೆ ಅದು ನಿಲ್ಲುವುದಿಲ್ಲ. ಆಫ್ರಿಕಾದ ಮಾಲಿ ದೇಶದ ಜೆನ್ನೆಯಲ್ಲಿ ಮಣ್ಣಿನದೇ ದೊಡ್ಡ ಮಸೀದಿ ಇದೆ, ಈಗಿನ ಕಟ್ಟಡ 1907ರದು. ಊರಿನವರೆಲ್ಲ ಸೇರಿ ವರ್ಷ ವರ್ಷ ಮೈಗೆ ಮಣ್ಣು ಮೆತ್ತುವುದರಿಂದಲೇ ಅದು ಉಳಿದಿದೆ. ನಿಮ್ಮ ಹೊರಗೋಡೆಗೆ ಅಷ್ಟು ಸೇವೆ ಮಾಡಲು ತಯಾರಿದ್ದೀರಾ? ಇಲ್ಲವಾದರೆ ಹೊರಗೆ ಸುಣ್ಣ ಇರಲಿ.

ಮಣ್ಣು ಸರಿಯಿದೆಯೇ ಎಂದು ನೋಡಲು ಗಾಜಿನ ಜಾಡಿಯಲ್ಲಿ ಮೂರರಲ್ಲೊಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಅಲುಗಿಸಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳಕ್ಕೆ ಇಳಿಯುತ್ತದೆ. ಅದರ ಮೇಲೆ ನವಿರು ಹುಡಿ, ಎಲ್ಲಕ್ಕಿಂತ ಮೇಲೆ ಜೇಡಿ. ಜೇಡಿ ಪೂರ್ತಿ ಕೂರಲು ಒಂದು ದಿನ ಅಥವಾ ಇನ್ನೂ ಜಾಸ್ತಿ ಬೇಕು. ಜೇಡಿ ಅತಿಯಾದರೆ ಗೋಡೆ ಒಣಗುವಾಗ ಸೀಳುತ್ತದೆ, ಮರಳು ಬೆರೆಸಬೇಕು. ಕಡಿಮೆಯಾದರೆ ಕೈಯಿಟ್ಟಲ್ಲಿ ಉದುರುತ್ತದೆ. ಕತ್ತರಿಸಿದ ಹುಲ್ಲು ಬಿರುಕನ್ನು ಹಿಡಿದಿಡುತ್ತದೆ.

ಸುಣ್ಣದಲ್ಲಿ ಎರಡು ಜಾತಿ. ಒಂದು ಗಾಳಿಯಿಂದ ಗಟ್ಟಿಯಾಗುವ ಸುಣ್ಣ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಸುಟ್ಟ ಸುಣ್ಣ, ಅದಕ್ಕೆ ನೀರು ಸೇರಿದರೆ ಅರಳಿದ ಸುಣ್ಣ. ಇದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮೆಲ್ಲಗೆ ಮತ್ತೆ ಕಲ್ಲಾಗುತ್ತದೆ. ಇನ್ನೊಂದು ನೀರಿನಿಂದಲೇ ಗಟ್ಟಿಯಾಗುವ ಹೈಡ್ರಾಲಿಕ್ ಸುಣ್ಣ. ಚೀಲದ ಮೇಲೆ ಎನ್‌ಎಚ್‌ಎಲ್ (ನೈಸರ್ಗಿಕ ಹೈಡ್ರಾಲಿಕ್ ಸುಣ್ಣದ ಇಂಗ್ಲಿಷ್ ಹ್ರಸ್ವರೂಪ) 2, 3.5, 5 ಎಂದಿರುತ್ತದೆ. ಸಂಖ್ಯೆ ದೊಡ್ಡದಾದಷ್ಟು ಸುಣ್ಣ ಗಟ್ಟಿ. "5 ಕೊಡಿ, ಗಟ್ಟಿ ಇರಲಿ" ಎಂದು ಕೇಳಬೇಡಿ. ಗಾರೆ ಯಾವಾಗಲೂ ಇಟ್ಟಿಗೆ, ಕಲ್ಲಿಗಿಂತ ಮಿದುವಾಗಿರಬೇಕು. ಗೋಡೆ ಸ್ವಲ್ಪ ಅಲುಗಾಡಿದರೆ ಗಾರೆ ಸಹಿಸಿಕೊಳ್ಳಲಿ, ಇಟ್ಟಿಗೆ ಒಡೆಯದಿರಲಿ. ಗಾರೆಯನ್ನು ಮತ್ತೆ ತುಂಬಬಹುದು.

ಕಲ್ಲಿನ ಬಗ್ಗೆ ಎರಡೇ ಮಾತು. ಪದರ ಪದರವಾಗಿ ಹುಟ್ಟಿದ ಮರಳುಗಲ್ಲಿನಂಥ ಕಲ್ಲನ್ನು ಗಣಿಯಲ್ಲಿ ಮಲಗಿದ್ದ ಹಾಗೆಯೇ ಗೋಡೆಯಲ್ಲೂ ಮಲಗಿಸಿ ಕಟ್ಟಬೇಕು. ಪದರ ಹೊರಮುಖ ಮಾಡಿ ನಿಲ್ಲಿಸಿದರೆ ಸಿಪ್ಪೆಯಂತೆ ಎದ್ದು ಬರುತ್ತದೆ. ಎರಡನೆಯದು, ಅಮೃತಶಿಲೆ ಮತ್ತು ಸುಣ್ಣದ ಕಲ್ಲಿನ ಮೇಲೆ ಹುಳಿ ಪದಾರ್ಥ ಬಿದ್ದರೆ ಹೊಳಪು ಹೋಗಿ ಕಲೆ ಉಳಿಯುತ್ತದೆ. ಅಡುಗೆ ಕಟ್ಟೆಗೆ ಗ್ರಾನೈಟೇ ನೆಮ್ಮದಿ.

6. ಕೆಲಸದವರನ್ನು ಹುಡುಕುವುದು, ಮಾದರಿ ಮಾಡಿಸುವುದು

ಫೋಟೋ ನೋಡಿ ಒಪ್ಪಬೇಡಿ. ಹೋದ ತಿಂಗಳು ಮುಗಿಸಿದ ಕೆಲಸ ಎಲ್ಲರದ್ದೂ ಚೆಂದವೇ. ನಾಲ್ಕೈದು ವರ್ಷ ಹಳೆಯದನ್ನು ತೋರಿಸಲು ಕೇಳಿ. ಅಲ್ಲಿ ಹೋದಾಗ ಗೋಡೆಯ ನಡುಭಾಗ ನೋಡುವುದಕ್ಕಿಂತ ಎರಡು ವಸ್ತು ಸೇರುವ ಜಾಗ ನೋಡಿ. ಬಾಗಿಲ ಚೌಕಟ್ಟು ಗೋಡೆಗೆ ಕೂಡುವಲ್ಲಿ, ಮೆಟ್ಟಿಲು ನೆಲಕ್ಕೆ ತಾಗುವಲ್ಲಿ ಏನು ಮಾಡಿದ್ದಾರೆ? ಸುಮ್ನೆ ಸಿಲಿಕೋನ್ ತುಂಬಿದ್ದಾರೆಯೇ, ಅಥವಾ ಮರ ಹಿಗ್ಗಲು ಕುಗ್ಗಲು ಸಣ್ಣ ಸಂದು ಬಿಟ್ಟು ಪಟ್ಟಿಯಿಂದ ಮುಚ್ಚಿದ್ದಾರೆಯೇ? ಅಂಥ ಜಾಗದಲ್ಲಿ ಕೈಯ ಹದ ಗೊತ್ತಾಗುತ್ತದೆ.

ಒಪ್ಪಂದಕ್ಕೆ ಮೊದಲು ನಿಮ್ಮದೇ ಗೋಡೆಯ ಮೇಲೆ ಒಂದು ಮೀಟರ್ ಚೌಕದ ಮಾದರಿ ಮಾಡಿಸಿ. ಅದಕ್ಕೆ ಪ್ರತ್ಯೇಕವಾಗಿ ಕೂಲಿ ಕೊಡಿ, ಬಿಟ್ಟಿ ಕೇಳಬೇಡಿ. ಮೂರು ನಾಲ್ಕು ವಾರ ಬಿಟ್ಟು, ಪೂರ್ತಿ ಆರಿದ ಮೇಲೆ ಒಪ್ಪಿಗೆ ಹೇಳಿ. ಒಪ್ಪಿದ ಮಾದರಿಯನ್ನು ಕೆಲಸ ಮುಗಿಯುವವರೆಗೂ ಅಳಿಸಬಾರದು. "ಹೀಗೆ ಅಂದುಕೊಂಡಿರಲಿಲ್ಲ" ಎಂಬ ಜಗಳಕ್ಕೆ ಅದೇ ಸಾಕ್ಷಿ.

ಹಣವನ್ನು ಹಂತ ಹಂತವಾಗಿ, ಮುಗಿದ ಕೆಲಸಕ್ಕೆ ಕೊಡಿ. ಅಂದಾಜಿನ ಮೇಲೆ ಇನ್ನೂ ನೂರಕ್ಕೆ 15ರಿಂದ 20ರಷ್ಟು ಬದಿಗಿಟ್ಟಿರಿ. ಹಳೆ ಮನೆಯ ಪ್ಲಾಸ್ಟರ್ ಕಿತ್ತಾಗ ಒಳಗೆ ಏನಿರುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ, ಅಲ್ವಾ?

7. ವೈರು, ಪೈಪು

ಪ್ಲಾಸ್ಟರ್‌ಗೆ ಮೊದಲೇ ಎಲ್ಲ ಮುಗಿದಿರಬೇಕು. ಪ್ರತಿ ಗೋಡೆಗೂ ಅಳತೆ ಪಟ್ಟಿ ಹಿಡಿದು ಫೋಟೋ ತೆಗೆದಿಡಿ. ಹತ್ತು ವರ್ಷದ ನಂತರ ಮೊಳೆ ಹೊಡೆಯುವವರು ನಿಮ್ಮನ್ನು ನೆನೆಯುತ್ತಾರೆ.

8. ಸುಣ್ಣದ ಪ್ಲಾಸ್ಟರ್

ಜಾಸ್ತಿ ಪ್ರಶ್ನೆ ಬರುವುದು ಇದರ ಬಗ್ಗೆಯೇ.

ಮೊದಲು ಕಣ್ಣು, ಕೈ. ಒದ್ದೆ ಸುಣ್ಣ ತೀರಾ ಕ್ಷಾರ, ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕನ್ನಡಕ, ಗ್ಲೌಸ್ ಇಲ್ಲದೆ ಯಾರೂ ಮುಟ್ಟಬಾರದು. ಕಣ್ಣಿಗೆ ಸಿಡಿದರೆ ಕೂಡಲೇ ಶುದ್ಧ ನೀರಿನಲ್ಲಿ 20 ನಿಮಿಷ ಬಿಡದೆ ತೊಳೆದು, ಹಾಗೆಯೇ ಡಾಕ್ಟರ ಹತ್ತಿರ ಹೋಗಬೇಕು. ಸುಟ್ಟ ಸುಣ್ಣವನ್ನು ನೀವೇ ಅರಳಿಸುವುದಾದರೆ ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪ ಹಾಕಿ. ಸುಣ್ಣದ ರಾಶಿಗೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ನನ್ನ ಮಟ್ಟಿಗೆ, ಮೊದಲ ಸಲ ಮಾಡುವವರು ಅರಳಿಸಿ ಮಾಗಿದ ಸುಣ್ಣವನ್ನೇ ಕೊಳ್ಳುವುದು ವಾಸಿ. ಅದು ಬೆಣ್ಣೆಯ ಮುದ್ದೆಯಂತೆ ಇರುತ್ತದೆ, ಮೇಲೆ ಒಂದಂಗುಲ ನೀರು ನಿಂತಿದ್ದರೆ ಎಷ್ಟು ಕಾಲವಾದರೂ ಕೆಡುವುದಿಲ್ಲ.

ಅಳತೆ ಸಾಮಾನ್ಯವಾಗಿ ಸುಣ್ಣದ ಮುದ್ದೆ 1, ಮರಳು 3. ಈ 3 ಎಲ್ಲಿಂದ ಬಂತು? ಮರಳಿನ ಕಾಳುಗಳ ನಡುವೆ ಖಾಲಿ ಜಾಗ ಇರುತ್ತದಲ್ಲ, ಅದನ್ನು ತುಂಬುವಷ್ಟು ಸುಣ್ಣ ಬೇಕು. ನಿಮ್ಮ ಮರಳಿಗೆ ಎಷ್ಟು ಬೇಕೆಂದು ನೀವೇ ನೋಡಬಹುದು. 3 ಲೀಟರ್ ಪೂರ್ತಿ ಒಣಗಿದ ಮರಳನ್ನು ಬಕೆಟ್‌ಗೆ ಹಾಕಿ, ಅಳೆದ ನೀರನ್ನು ಮೆಲ್ಲಗೆ ಸುರಿಯಿರಿ. ನೀರು ಮರಳಿನ ಮೇಲ್ಮಟ್ಟಕ್ಕೆ ಬಂದು ಮಿನುಗುವಾಗ ನಿಲ್ಲಿಸಿ. ಸುಮಾರು 1 ಲೀಟರ್ ಹೋಗಿದ್ದರೆ 1:3 ಸರಿ. ಜಾಸ್ತಿ ಹೋದರೆ ಸುಣ್ಣ ಜಾಸ್ತಿ ಬೇಕು, ಅಥವಾ ಮರಳು ಬದಲಿಸಬೇಕು. ದಪ್ಪ, ಮಧ್ಯಮ, ಸಣ್ಣ ಕಾಳು ಬೆರೆತ, ಮೂಲೆ ಚೂಪಿರುವ, ಉಪ್ಪಿಲ್ಲದ ಮರಳು ಒಳ್ಳೆಯದು. ಒಂದು ಹಿಡಿ ಒದ್ದೆ ಮರಳನ್ನು ಅಂಗೈಯಲ್ಲಿ ಹಿಸುಕಿ ಬಿಡಿ, ಕೈಗೆ ಕೆಸರು ಮೆತ್ತಿದರೆ ತೊಳೆದು ಬಳಸಿ.

ಕಲಸುವಾಗ ಜನ ಮಾಡುವ ತಪ್ಪು ನೀರು ಸೇರಿಸುವುದು. ಮೊದಮೊದಲು ಗಾರೆ ಪುಡಿಪುಡಿಯಾಗಿ ಕಾಣುತ್ತದೆ, ನೀರು ಸಾಲದು ಅನ್ನಿಸುತ್ತದೆ. ಬಡಿಯುತ್ತ, ತುಳಿಯುತ್ತ, ಮಿದಿಯುತ್ತ ಹೋದರೆ ಸುಣ್ಣದೊಳಗಿನ ನೀರೇ ಬಿಟ್ಟುಕೊಂಡು ಮಿದುವಾಗುತ್ತದೆ. ಕರಣೆಯಲ್ಲಿ ಎತ್ತಿ ತಲೆಕೆಳಗು ಹಿಡಿದರೆ ಒಂದು ಕ್ಷಣ ಅಂಟಿಕೊಂಡಿರಬೇಕು. ಅದು ಹದ. ನೀರು ಹೆಚ್ಚಾದ ಗಾರೆ ಆರುವಾಗ ಕುಗ್ಗಿ ಬಿರಿಯುತ್ತದೆ.

ಹಳೆಯ ಪ್ಲಾಸ್ಟರನ್ನು ಪೂರ್ತಿ ಕೀಳಬೇಕೇ? ಬೇಡ. ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಿ. ಗೋಡೆಗೆ ಕಚ್ಚಿಕೊಂಡಿರುವಲ್ಲಿ ಟಕ್ ಟಕ್ ಎನ್ನುತ್ತದೆ, ಬಿಟ್ಟಿರುವಲ್ಲಿ ಡಬ್ ಡಬ್. ಡಬ್ ಎನ್ನುವಲ್ಲಿ ಸೀಮೆಸುಣ್ಣದ ಗೆರೆ ಹಾಕಿ, ಅಷ್ಟನ್ನೇ ತೆಗೆಸಿ. ಸಂದುಗಳಲ್ಲಿ ಗಾರೆ ಸತ್ತಿದ್ದರೆ ಸಂದಿನ ಅಗಲದ ಎರಡರಷ್ಟು ಆಳಕ್ಕೆ, ಕಡಿಮೆ ಎಂದರೂ 20 ಮಿಲಿಮೀಟರ್, ಕೈ ಉಳಿಯಿಂದ ಕೆದಕಿ ಹೊಸದು ತುಂಬಿಸಿ. ಗ್ರೈಂಡರ್ ಹಿಡಿಯಲು ಬಿಡಬೇಡಿ, ಇಟ್ಟಿಗೆಯ ಅಂಚು ಹಾರಿಹೋಗುತ್ತದೆ.

ಆಮೇಲೆ ಹಂತಗಳು ಹೀಗೆ:

- ಹಿಂದಿನ ಸಂಜೆ ಮತ್ತು ಕೆಲಸಕ್ಕೆ ಸ್ವಲ್ಪ ಮೊದಲು ಗೋಡೆಗೆ ನೀರು ಚಿಮುಕಿಸಿ. ಗೋಡೆ ಒದ್ದೆ ಇರಬೇಕು, ನೀರು ಇಳಿಯುತ್ತಿರಬಾರದು. ಒಣ ಗೋಡೆ ಗಾರೆಯ ನೀರನ್ನು ಒಂದೇ ಸಲ ಹೀರಿ ಪುಡಿ ಮಾಡಿಬಿಡುತ್ತದೆ.
- ಮೊದಲ ಪದರ 8ರಿಂದ 10 ಮಿಲಿಮೀಟರ್. ಜೋರಾಗಿ ಒತ್ತಿ ಅಥವಾ ಎಸೆದು ಹಚ್ಚಬೇಕು. ಇನ್ನೂ ಮಿದುವಿರುವಾಗಲೇ ಓರೆ ಗೀರು ಹಾಕಿ, ಮುಂದಿನ ಪದರ ಹಿಡಿದುಕೊಳ್ಳಲು.
- ಹೆಬ್ಬೆರಳು ಒತ್ತಿದರೆ ಗುಳಿ ಬೀಳದೆ ಉಗುರಿನ ಗುರುತು ಮಾತ್ರ ಮೂಡುವಷ್ಟು ಗಟ್ಟಿಯಾದ ಮೇಲೆ ಎರಡನೇ ಪದರ. ಇದಕ್ಕೆ ಒಂದು ವಾರ ಅಥವಾ ಜಾಸ್ತಿ ಆಗಬಹುದು.
- ಎರಡನೇ ಪದರದಲ್ಲಿ ಮಾರನೇ ದಿನ ಕೂದಲೆಳೆಯ ಬಿರುಕು ಮೂಡಿದರೆ ಗಾಬರಿ ಬೇಡ. ಸ್ವಲ್ಪ ನೀರು ಚಿಮುಕಿಸಿ ಮರದ ಉಜ್ಜು ಹಲಗೆಯಿಂದ ಒತ್ತಿ ಉಜ್ಜಿದರೆ ಮುಚ್ಚುತ್ತವೆ.
- ಕೊನೆಯ ನವಿರು ಪದರ 2ರಿಂದ 3 ಮಿಲಿಮೀಟರ್.

ಬಿಸಿಲು, ಜೋರು ಗಾಳಿ ತಾಗದಂತೆ ಒದ್ದೆ ಗೋಣಿತಾಟು ಇಳಿಬಿಡಿ. ಒಂದು ವಾರ ಗೋಡೆ ತಂಪಾಗಿರಬೇಕು. ಬೇಗ ಒಣಗಲಿ ಎಂದು ಫ್ಯಾನ್, ಹೀಟರ್ ಇಟ್ಟವರು ಕೆಟ್ಟರು. ಸುಣ್ಣ ಗಾಳಿಯ ಅನಿಲವನ್ನು ಹಿಡಿದು ಗಟ್ಟಿಯಾಗಲು ತೇವ ಬೇಕೇ ಬೇಕು. ಒಣಗಿಬಿಟ್ಟರೆ ಅದು ಅರ್ಧಕ್ಕೇ ನಿಂತು, ಒರೆಸಿದಾಗ ಅಂಗೈಗೆ ಬಿಳಿ ಹತ್ತುತ್ತದೆ. ಚಳಿ 5 ಡಿಗ್ರಿಗಿಂತ ಕೆಳಗಿಳಿಯುವ ದಿನಗಳಲ್ಲಿ ಸುಣ್ಣದ ಕೆಲಸ ಇಟ್ಟುಕೊಳ್ಳಬೇಡಿ.

ಸ್ನಾನದ ಮನೆಗೂ ಸುಣ್ಣವೇ ಬೇಕೆನ್ನುವವರಿಗೆ ಮೊರಾಕ್ಕೊದ ತಡೆಲಾಕ್ಟ್ ಎಂಬ ಪದ್ಧತಿ ಇದೆ. ಸುಣ್ಣದ ಪದರವನ್ನು ನುಣುಪು ಕಲ್ಲಿನಿಂದ ತಿಕ್ಕಿ, ಆಲಿವ್ ಎಣ್ಣೆಯ ಸೋಪು ಹಚ್ಚುತ್ತಾರೆ. ಸೋಪು ಸುಣ್ಣದ ಜೊತೆ ಸೇರಿ ನೀರು ಹಿಡಿಯದ ಪದರವಾಗುತ್ತದೆ. ಬಲು ಸೊಗಸು. ಆದರೆ ಪಳಗಿದ ಕೈ ಸಿಗದಿದ್ದರೆ ಆ ಆಸೆ ಬಿಟ್ಟುಬಿಡಿ, ಒದ್ದೆ ಜಾಗ ಕಲಿಯುವ ಜಾಗವಲ್ಲ.

9. ಮರದ ಕೆಲಸ

ಮರ ಉದ್ದಕ್ಕೆ ಹೆಚ್ಚುಕಮ್ಮಿ ಬದಲಾಗುವುದಿಲ್ಲ. ಅಗಲಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಅದರಲ್ಲೂ ದಿಮ್ಮಿಯ ವರ್ಷದ ಉಂಗುರಗಳ ಗುಂಟ ಆಗುವ ಬದಲಾವಣೆ, ನಡುವಿನಿಂದ ಹೊರಕ್ಕೆ ಆಗುವುದಕ್ಕಿಂತ ಸುಮಾರು ಎರಡು ಪಟ್ಟು. ಅಗಲದ ಹಲಗೆಯನ್ನು ನಾಲ್ಕೂ ಕಡೆ ಅಂಟು ಹಾಕಿ ಬಿಗಿದರೆ ಅದು ಸೀಳಿಯೇ ಸೀಳುತ್ತದೆ. ಹಳೆಯ ಬಾಗಿಲುಗಳನ್ನು ನೋಡಿ. ಚೌಕಟ್ಟಿನ ಗಾಡಿಯಲ್ಲಿ (ಉದ್ದಕ್ಕೆ ಕೊರೆದ ಸೀಳಿನಲ್ಲಿ) ಹಲಗೆ ಸಡಿಲವಾಗಿ ಕೂತಿರುತ್ತದೆ, ಅಂಟು ಇರುವುದಿಲ್ಲ. ನಿಮ್ಮ ಬಡಗಿಗೂ ಅದನ್ನೇ ಕೇಳಿ.

ಒಳಗಿನ ಕೆಲಸಕ್ಕೆ ಮರದ ತೇವ ನೂರಕ್ಕೆ 8ರಿಂದ 12 ಇರಬೇಕು. 20ಕ್ಕಿಂತ ಮೇಲೆ ಹೋದರೆ ಕೊಳೆಸುವ ಬೂಷ್ಟು ಹಿಡಿಯುವ ಭಯ. "ಒಣಗಿದ ಮರ ಸಾರ್" ಎಂಬ ಮಾತು ಸಾಲದು. ಮೀಟರ್ ಇಲ್ಲದಿದ್ದರೆ ಒಂದು ತುಂಡು ಕತ್ತರಿಸಿ ತೂಗಿ, ನೂರು ಡಿಗ್ರಿಯ ಆಸುಪಾಸಿನ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಡಿ. ಮೊದಲು 560 ಗ್ರಾಂ ಇದ್ದದ್ದು 500ಕ್ಕೆ ನಿಂತರೆ ಹೋದ ನೀರು 60 ಗ್ರಾಂ. ಒಣ ತೂಕ 500ಕ್ಕೆ 60 ಎಂದರೆ ನೂರಕ್ಕೆ 12. ಕೊಂಡ ಮರವನ್ನು ಅದು ಬಳಕೆಯಾಗುವ ಕೋಣೆಯಲ್ಲೇ, ಹಲಗೆಗಳ ನಡುವೆ ಪಟ್ಟಿ ಇಟ್ಟು ಗಾಳಿಯಾಡುವಂತೆ ಒಂದೆರಡು ವಾರ ಜೋಡಿಸಿಡಿ. ಆದರೆ ಪ್ಲಾಸ್ಟರ್ ಒದ್ದೆ ಇರುವ ಕೋಣೆಯಲ್ಲಿ ಇಡಬೇಡಿ. ಗೋಡೆ ಬಿಟ್ಟ ನೀರನ್ನೆಲ್ಲ ಮರ ಕುಡಿದು, ಆಮೇಲೆ ಕುಗ್ಗುತ್ತದೆ. ಬಡಗಿ ಕೆಲಸವನ್ನು ಪ್ಲಾಸ್ಟರ್ ಆರಿದ ಮೇಲೆ ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ.

ಓಕ್‌ನಂಥ ಒಗರು ಜಾಸ್ತಿ ಇರುವ ಮರಕ್ಕೆ ಸಾದಾ ಕಬ್ಬಿಣದ ಮೊಳೆ ಹೊಡೆದರೆ ಸುತ್ತ ಕಪ್ಪಾಗುತ್ತದೆ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಕ್ರೂ ಬಳಸಿ.

ಹಣ ಕಡಿಮೆಯಿದ್ದರೆ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಹಂಚಬೇಡಿ. ದಿನಾ ಕೈ ತಾಗುವ ಕಡೆ ಹಾಕಿ: ಮುಂಬಾಗಿಲು, ಮೆಟ್ಟಿಲ ಕೈಪಿಡಿ, ಕಿಟಕಿಯ ಕೂರುವ ಕಟ್ಟೆ. ಯಂತ್ರದಲ್ಲಿ ಉಜ್ಜಿದ ಕೈಪಿಡಿಗೂ ತೋಪಡ (ಮರ ಹೆರೆಯುವ ಕೈ ಉಪಕರಣ) ಹಿಡಿದು ಸವರಿದ ಕೈಪಿಡಿಗೂ ಇರುವ ವ್ಯತ್ಯಾಸ ಕಣ್ಣುಮುಚ್ಚಿ ಹಿಡಿದರೂ ಗೊತ್ತಾಗುತ್ತದೆ. ಬೀರುವಿನ ಒಳಭಾಗಕ್ಕೆ ಸಾದಾ ಹಲಗೆ ಸಾಕು.

10. ಬಣ್ಣ, ಎಣ್ಣೆ

ಸುಣ್ಣದ ಗೋಡೆಗೆ ಸುಣ್ಣವೇ ಬಳಿಯಿರಿ. ಹಾಲಿನಷ್ಟು ತೆಳ್ಳಗೆ ಮಾಡಿ, ನಾಲ್ಕೈದು ಸಲ. ಹಚ್ಚುವಾಗ ಗಾಜಿನಂತೆ ತೆಳು, ಏನೂ ಮುಚ್ಚಲಿಲ್ಲ ಅನ್ನಿಸುತ್ತದೆ. ಮಾರನೇ ದಿನ ನೋಡಿದರೆ ಬಿಳಿ. ದಪ್ಪ ಹಚ್ಚಿದರೆ ಪಕಳೆ ಏಳುತ್ತದೆ. ಬಣ್ಣ ಬೇಕಿದ್ದರೆ ಕೆಮ್ಮಣ್ಣು, ಹಳದಿ ಮಣ್ಣಿನಂಥ ಖನಿಜ ಬಣ್ಣ ಬೆರೆಸಿ, ಸುಣ್ಣದ ಕ್ಷಾರವನ್ನು ಅವು ತಡೆಯುತ್ತವೆ. ಒದ್ದೆಯಲ್ಲಿ ಕಂಡ ಬಣ್ಣ ಒಣಗಿದಾಗ ಬಹಳ ತಿಳಿಯಾಗುತ್ತದೆ, ಆದ್ದರಿಂದ ಕಾಗದದ ಮೇಲೆ ಒಣಗಿಸಿ ನೋಡಿ. ಇಡೀ ಕೋಣೆಗೆ ಸಾಲುವಷ್ಟನ್ನು ಒಂದೇ ಸಲ ಕಲಸಿಕೊಳ್ಳಿ, ಎರಡನೇ ಸಲ ಅದೇ ಬಣ್ಣ ಬರುವುದಿಲ್ಲ.

ಮರಕ್ಕೆ ಅಗಸೆ ಎಣ್ಣೆ ಹಚ್ಚುವುದಾದರೆ ತೆಳ್ಳಗೆ ಹಚ್ಚಿ, ಅರ್ಧ ಗಂಟೆಯೊಳಗೆ ಹೆಚ್ಚಿನದನ್ನು ಒರೆಸಿ ತೆಗೆಯಿರಿ. ಒರೆಸದೆ ಬಿಟ್ಟರೆ ತಿಂಗಳಾದರೂ ಅಂಟಂಟು. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಈ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಬಟ್ಟೆಯ ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ಯಾರೂ ಬೆಂಕಿ ಹಚ್ಚದೆಯೇ ಹತ್ತಿಕೊಳ್ಳುತ್ತದೆ. ಮುಗಿದ ಮನೆಗಳು ಹೀಗೆ ಸುಟ್ಟುಹೋಗಿವೆ. ಬಟ್ಟೆಯನ್ನು ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ.

11. ಮೊದಲ ವರ್ಷ

ಒಳಗೆ ಬಂದ ಮೊದಲ ವರ್ಷ ಬಾಗಿಲೊಂದು ಮಳೆಯಲ್ಲಿ ಬಿಗಿಯಾಗುತ್ತದೆ, ಪ್ಲಾಸ್ಟರ್‌ನಲ್ಲಿ ಎರಡು ಮೂರು ಎಳೆ ಬಿರುಕು ಕಾಣುತ್ತದೆ. ಬಾಗಿಲನ್ನು ಕೂಡಲೇ ತೋಪಡ ಹೊಡೆಸಬೇಡಿ. ಬೇಸಿಗೆಯಲ್ಲಿ ಅದೇ ಕುಗ್ಗಿ ಸಂದು ಬಿಡುತ್ತದೆ. ಒಂದು ಸುತ್ತು ಮಳೆ, ಚಳಿ, ಬಿಸಿಲು ಕಳೆಯಲಿ. ಆಗಲೂ ಉಜ್ಜುತ್ತಿದ್ದರೆ ಉಜ್ಜಿದಷ್ಟು ಮಾತ್ರ ತೆಗೆಸಿ, ತೆಗೆದ ಅಂಚಿಗೆ ಮತ್ತೆ ಎಣ್ಣೆ ಹಚ್ಚಿ. ಕೆಲಸದಲ್ಲಿ ಮಿಕ್ಕ ಸುಣ್ಣದ ಮುದ್ದೆ ಒಂದು ಡಬ್ಬಿ, ಅದೇ ಮರಳು ಒಂದು ಚೀಲ, ಬಣ್ಣದ ಪುಡಿ ಒಂದು ಪೊಟ್ಟಣ ಎತ್ತಿಟ್ಟಿರಿ. ಮೇಲೆ ಅಳತೆ ಮತ್ತು ಕೋಣೆಯ ಹೆಸರು ಬರೆದಿರಲಿ. ಸುಣ್ಣದ ಡಬ್ಬಿಯಲ್ಲಿ ನೀರು ಇಂಗಿದೆಯೇ ಎಂದು ಆಗಾಗ ಮುಚ್ಚಳ ತೆಗೆದು ನೋಡಿ.